ಮಳೆಗೆ ಬಿಚ್ಚಿಕೊಂಡ ಆರ್ವೆಲ್ ಪುಸ್ತಕ: ಮೂರೂವರೆ ಸ್ಟಾರ್

ಒಂದೂವರೆ ಸ್ಟಾರ್ ಕಡಿಮೆ ಮಾಡಿದ್ದು ಪೂರ್ತಿ ಬೈಂಡಿಂಗ್ ಸಲುವಾಗಿ.

ಬ್ರಿಟಿಷ್ ಲೇಖಕ ಜಾರ್ಜ್ ಆರ್ವೆಲ್ ಬದುಕಿನ ಬಗ್ಗೆ ದಪ್ಪನೆಯ ಇಂಗ್ಲಿಷ್ ಪುಸ್ತಕ, 399 ರೂಪಾಯಿ. ಜೂನ್‌ನಲ್ಲಿ ಆನ್‌ಲೈನ್ ತರಿಸಿದ್ದೆ. ಕಾರವಾರದ ಮಳೆ ಗೊತ್ತಲ್ವಾ, ಜುಲೈ ಅರ್ಧಕ್ಕೇ ಗೋಂದು ಬಿಟ್ಟಿತು. ಕೋಡಿಬಾಗದ ನಮ್ಮ ಮನೆಯಲ್ಲಿ ಆಗ ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ, ಒಪ್ಪಿದೆ. ಆದರೆ ಅದೇ ಕಪಾಟಿನಲ್ಲಿ ದಾರದಲ್ಲಿ ಹೊಲಿದ ಅಪ್ಪನ ಕಾಲದ ಪುಸ್ತಕಗಳು ಗಟ್ಟಿಯಾಗೇ ಇವೆ. 1937ರಲ್ಲಿ ಸ್ಪೇನ್ ಯುದ್ಧದಲ್ಲಿ ಆರ್ವೆಲ್ ಗಂಟಲಿಗೆ ಗುಂಡು ಬೀಳುವ ಹಾಳೆಯೇ ಮೊದಲು ಕಿತ್ತು ಬಂತು. ಫ್ಯಾನ್ ಕೆಳಗೆ ಒಣಗಿಸಿ ಓದಿದೆ.

ನಾನು ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವವನು. ಅಚ್ಚಾದಷ್ಟಕ್ಕೆ ದುಡ್ಡು. ಹಾಗಾಗಿ ಆರ್ವೆಲ್ ಹೊಟ್ಟೆಗೆ ಏನು ಮಾಡಿದರು ಅಂತಲೇ ಮೊದಲು ಹುಡುಕಿದೆ. ಹುಟ್ಟಿದ್ದು 1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ, ಎರಿಕ್ ಬ್ಲೇರ್ ಆಗಿ. ಅಪ್ಪ ಸರ್ಕಾರದ ಅಫೀಮು ಇಲಾಖೆಯ ನೌಕರ. ಮಗ ಬರ್ಮಾದಲ್ಲಿ ಐದು ವರ್ಷ ಪೊಲೀಸ್ ಕೆಲಸ ಮಾಡಿ ಬಿಟ್ಟ. ಆಮೇಲೆ ಪ್ಯಾರಿಸ್ ಹೋಟೆಲಿನಲ್ಲಿ ಪಾತ್ರೆ ತೊಳೆದ, ಲಂಡನ್ನಿನ ಹಳೇ ಪುಸ್ತಕದ ಅಂಗಡಿಯಲ್ಲಿ ದುಡಿದ. ಆರ್ವೆಲ್ ಅನ್ನುವ ಹೆಸರು ಬಂದಿದ್ದು 1933ರ ಮೊದಲ ಪುಸ್ತಕಕ್ಕೆ.

ನನಗೆ ಜಾಸ್ತಿ ಹಿಡಿಸಿದ್ದು ಬಿಬಿಸಿ ಭಾಗ. 1941ರಿಂದ ಎರಡು ವರ್ಷ ಭಾರತದ ಕೇಳುಗರಿಗಾಗಿ ರೇಡಿಯೋ ಕಾರ್ಯಕ್ರಮ ಮಾಡಿದರು. ಕೊನೆಗೆ, ಫಲವಿಲ್ಲದ ಕೆಲಸಕ್ಕೆ ನನ್ನ ಸಮಯ, ಜನರ ದುಡ್ಡು ಎರಡೂ ದಂಡ ಅಂತ ಬರೆದುಕೊಟ್ಟು ಹೊರಬಂದರು. ವರ್ಷಾ ವರ್ಷಾ ಜಾಹೀರಾತು ಟಾರ್ಗೆಟ್ ಕೊಟ್ಟರೂ ನನಗೆ ಇನ್ನೂ ಆ ಧೈರ್ಯ ಬಂದಿಲ್ಲ.

1946ರಲ್ಲಿ ಚಾ ಮಾಡುವುದಕ್ಕೆ ಹನ್ನೊಂದು ನಿಯಮ ಬರೆದರಂತೆ, ಪತ್ರಿಕೆಗೆ. ಮೊದಲು ಚಾ, ಆಮೇಲೆ ಹಾಲು, ಸಕ್ಕರೆ ಬೇಡವೇ ಬೇಡ. ಆಯಿಗೆ ಓದಿ ಹೇಳಿದೆ. "ಸಕ್ಕರೆ ಇಲ್ಲದ್ದು ಚಾ ಏನು, ಔಷಧವಾ?" ಅಂದಳು.

ಅವರ ಕಾದಂಬರಿ 'ಅನಿಮಲ್ ಫಾರ್ಮ್' ಬಗ್ಗೆ ಪುಟಗಟ್ಟಲೆ ಇದೆ, ಸ್ವಲ್ಪ ಎಳೆದಿದ್ದಾರೆ. ಅವರು ಹೋಗಿ ಇದ್ದ ಸ್ಕಾಟ್ಲೆಂಡಿನ ಜುರಾ ದ್ವೀಪದ ಅಧ್ಯಾಯ ಮಾತ್ರ ಬಿಡಬೇಡಿ. ಅಷ್ಟು ದೂರಕ್ಕೆ ಟೈಪಿಸ್ಟ್ ಸಿಗಲಿಲ್ಲ. ಕ್ಷಯದಿಂದ ಸೊರಗಿದ ಮನುಷ್ಯ ಹಾಸಿಗೆಯಲ್ಲೇ ಕೂತು '1984' ಕಾದಂಬರಿಯನ್ನು ತಾನೇ ಟೈಪ್ ಮಾಡಿದ. ಅದು ಬಂದಿದ್ದು 1949ರ ಜೂನ್‌ನಲ್ಲಿ, ಮುಂದಿನ ಜನವರಿಯಲ್ಲಿ ಆತನೇ ಇಲ್ಲ. 46 ವರ್ಷ.

ಅಕ್ಷರ ಸಣ್ಣ, ಕನ್ನಡಕ ಬೇಕೇ ಬೇಕು. ಪ್ರೆಸ್ಸಿನವನ ಹತ್ತಿರ 80 ರೂಪಾಯಿಗೆ ಹೊಲಿಗೆ ಹಾಕಿಸಿದೆ, ಈಗ ಮೈದಾ ಅಂಟಿನ ವಾಸನೆ ಹೊಡೆಯುತ್ತಿದೆ. ಕರಾವಳಿಯವರು ತರಿಸುವುದಾದರೆ ದಸರಾ ಕಳೆದ ಮೇಲೆ ತರಿಸಿ.