ಸುಂಟಿಕೊಪ್ಪದ ಇಕ್ಕನ ಗ್ಯಾರೇಜು ಮತ್ತು ಏರಿನಲ್ಲಿ ಮಾತ್ರ ಬರುತ್ತಿದ್ದ ಮಿಸ್ಸಿಂಗು

ಮೊದಲೇ ಹೇಳಿಬಿಡುತ್ತೇನೆ, ಈ ಗ್ಯಾರೇಜಿಗೆ ಬೋರ್ಡಿಲ್ಲ. ಕೊಡಗಿನ ಸುಂಟಿಕೊಪ್ಪದಿಂದ ಮಾದಾಪುರದ ಕಡೆ ಹೊರಟರೆ ಒಂದು ತಗಡಿನ ಶೆಡ್ಡು, ಅದರ ಮುಂದೆ ಬಾನೆಟ್ ಇಲ್ಲದ ಹಳೇ ಜೀಪು. ಅಷ್ಟೇ ಗುರುತು. ಮೆಕ್ಯಾನಿಕ್ಕನ್ನು ಊರಿನವರೆಲ್ಲ ಇಕ್ಕ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮನೆ ಮಾದಾಪುರದಿಂದ ಒಳಗೆ, ತೋಟದ ನಡುವೆ. ಮಳೆಗಾಲದಲ್ಲಿ ಬಸ್ಸು ನಂಬಿ ಕೂತರೆ ಮೊದಲ ಪೀರಿಯಡ್ ಹೋದ ಹಾಗೆಯೇ. ಹಾಗಾಗಿ ಮೇ ತಿಂಗಳಲ್ಲಿ ಮೈಸೂರಿನಿಂದ 2014ರ ಪೆಟ್ರೋಲ್ ಸ್ವಿಫ್ಟ್ ತಂದೆ. 71,000 ಕಿ.ಮೀ. ಓಡಿತ್ತು. ರಿಂಗ್ ರೋಡಿನಲ್ಲಿ ಟೆಸ್ಟ್ ಡ್ರೈವ್ ಮಾಡಿದಾಗ ಏನೂ ತೊಂದರೆ ಕಾಣಲಿಲ್ಲ. ಇಂಜಿನ್ ಮೊದಲೇ ಬಿಸಿಯಾಗಿತ್ತು, ರಸ್ತೆ ಅಂಗೈಯಷ್ಟು ಸಪಾಟು. ಕೊಡಗಿನಲ್ಲಿ ಓಡಿಸುವ ಗಾಡಿಯನ್ನು ಮೈಸೂರಿನ ರಿಂಗ್ ರೋಡಿನಲ್ಲಿ ಪರೀಕ್ಷೆ ಮಾಡಿ ತಂದವಳು ನಾನು. ವಿಜ್ಞಾನದ ಟೀಚರು ಬೇರೆ.

ಜೂನ್ ಮಳೆ ಹಿಡಿದ ಮೇಲೆ ಶುರುವಾಯಿತು. ಹಟ್ಟಿಹೊಳೆ ದಾಟಿ ಮಕ್ಕಂದೂರಿನ ಕಡೆ ಏರು ಹತ್ತುವಾಗ, ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಗಾಡಿ ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಜಗ್ಗುತ್ತಿತ್ತು. ಸಿಲಿಂಡರಿನಲ್ಲಿ ಪೆಟ್ರೋಲು ಸರಿಯಾಗಿ ಉರಿಯದೆ ಹೀಗೆ ಆಗುವುದಕ್ಕೇ ಮಿಸ್ಸಿಂಗು ಅನ್ನುತ್ತಾರೆ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ಇಂಜಿನ್ ಲೈಟು ಮಿನುಗುತ್ತಿತ್ತು. ಏರು ಮುಗಿದರೆ ಎಲ್ಲ ಸರಿ. ನಿಂತಲ್ಲಿ ಐಡಲಿಂಗ್ ಕೂಡ ಸರಿ. ಮೂರು ವಾರ ಹಾಗೇ ಓಡಿಸಿದೆ. ಅದು ತಪ್ಪು ಅಂತ ಆಮೇಲೆ ಗೊತ್ತಾಯಿತು. ಆ ಲೈಟು ಸುಮ್ನೆ ಉರಿದರೆ ಒಂದು ಮಾತು, ಮಿನುಗಿದರೆ ಬೇರೆ ಮಾತು. ಮಿನುಗಿದರೆ, ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಗೆ ಹೋಗಿ ಅಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡಬಹುದು ಅಂತ ಅರ್ಥ. ಅದನ್ನು ಬದಲಿಸಬೇಕಾದರೆ ನನ್ನ ಒಂದು ತಿಂಗಳ ಸಂಬಳ ಅದಕ್ಕೇ ಹೋಗುತ್ತಿತ್ತು.

ಮೊದಲು ಹೋದದ್ದು ಒಂದು ದೊಡ್ಡ ವರ್ಕ್‌ಶಾಪಿಗೆ. ಹೆಸರು ಬೇಡ. ಕೂರಲು ಏಸಿ ರೂಮು, ಕುಡಿಯಲು ಮಿಷಿನ್ ಕಾಫಿ. ಕಾಫಿ ತೋಟದವಳಿಗೆ ಮಿಷಿನ್ ಕಾಫಿ! ಇಂಜೆಕ್ಟರ್ ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್ ಅಂತ 6,840 ರೂಪಾಯಿ ಆಯಿತು. ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾಗಿದ್ದ ದೋಷದ ಕೋಡ್ ಅಳಿಸಿ ಕಳಿಸಿದರು. ನಾಲ್ಕು ದಿನ ಮಳೆ ಬಿಡುವು ಕೊಟ್ಟಿತ್ತು, ಗಾಡಿಯೂ ಚೆನ್ನಾಗಿತ್ತು. ಐದನೇ ದಿನ ಅದೇ ಏರು, ಅದೇ ಎಮ್ಮೆ. ಮತ್ತೆ ಹೋದರೆ ನಾಲ್ಕೂ ಇಂಜೆಕ್ಟರ್ ಬದಲಿಸಬೇಕು, ಇಂಜಿನ್ ಕೆಲಸವೂ ಬರಬಹುದು, 28,000 ಆಗಬಹುದು ಅಂದರು. ಏರಿನಲ್ಲಿ ಓಡಿಸಿ ನೋಡಿದಿರಾ ಅಂತ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ.

ಇಕ್ಕ ಮೊದಲು ಬಾನೆಟ್ಟನ್ನೇ ಎತ್ತಲಿಲ್ಲ. "ಟೀಚರೇ, ಗಾಡಿ ಏನು ಮಾಡ್ತದೆ ಅಂತ ಹೇಳಿ. ಏನು ಹಾಕಬೇಕು ಅನ್ನೋದು ಆಮೇಲೆ." ತಣ್ಣಗಿದ್ದಾಗಲಾ ಬಿಸಿಯಾದ ಮೇಲಾ, ಏರಿನಲ್ಲಾ ಸಪಾಟಿನಲ್ಲಾ, ಮಳೆಯಿದ್ದ ದಿನ ಜಾಸ್ತಿಯಾ, ಪೆಟ್ರೋಲ್ ಹಾಕಿಸಿದ ಮೇಲೆ ಶುರುವಾಯಿತಾ ಅಂತ ಹತ್ತು ನಿಮಿಷ ಕೇಳಿದರು. ಆಮೇಲೆ ಸ್ಟೇರಿಂಗ್ ಕೆಳಗಿನ ಪೋರ್ಟಿಗೆ ಸ್ಕ್ಯಾನರ್ ಚುಚ್ಚಿದರು. ಸ್ಕ್ರೀನ್ ಒಡೆದು ಟೇಪ್ ಹಾಕಿದ್ದ ಸ್ಕ್ಯಾನರ್ ಅದು. ಎರಡು ಕೋಡ್ ಬಂದವು. ಪಿ0300 ಅಂದರೆ ಮಿಸ್ಸಿಂಗ್ ಇದೆ, ಆದರೆ ಒಂದೇ ಸಿಲಿಂಡರಿನದ್ದು ಅಂತ ಹೇಳಲಾಗದು. ಪಿ0303ರಲ್ಲಿ ಕೊನೆಯ ಅಂಕಿ ಸಿಲಿಂಡರ್ ನಂಬರು, ಅಂದರೆ ಬೆಲ್ಟ್ ಕಡೆಯಿಂದ ಎಣಿಸಿದರೆ ಮೂರನೇದು. ಕೋಡ್ ಬಿದ್ದ ಕ್ಷಣದಲ್ಲಿ ಇಂಜಿನ್ ಯಾವ ಸ್ಥಿತಿಯಲ್ಲಿತ್ತು ಅಂತಲೂ ಅದರಲ್ಲಿ ಉಳಿದಿರುತ್ತದಂತೆ. 2,400 ಆರ್‌ಪಿಎಂ, ಲೋಡು ಶೇ. 80ಕ್ಕಿಂತ ಮೇಲೆ. "ನೋಡಿ, ಏರಿನಲ್ಲಿದ್ದೆ ಅಂತ ಗಾಡಿಯೇ ಹೇಳ್ತದೆ" ಅಂದರು.

ಎಷ್ಟೋ ಮಂದಿ ಇಲ್ಲಿಗೇ ನಿಲ್ಲಿಸಿ ಯಾವುದಾದರೂ ಪಾರ್ಟ್ ತರಿಸುತ್ತಿದ್ದರು. ಇಕ್ಕ ಅಂದದ್ದು: "ಮೂರನೇದು ಅಂತ ಗೊತ್ತಾಯ್ತು. ಕಾಯಿಲಾ, ಪ್ಲಗ್ಗಾ, ಇಂಜೆಕ್ಟರಾ, ವಾಲ್ವಾ ಅಂತ ಈ ಡಬ್ಬಿಗೆ ಗೊತ್ತಿಲ್ಲ."

ಸಿಲಿಂಡರಿನಲ್ಲಿ ಕಿಡಿ ಹಾರಿಸುವುದು ಪ್ಲಗ್ಗು, ಅದಕ್ಕೆ ಬೇಕಾದ ವೋಲ್ಟೇಜು ಕೊಡುವುದು ಕಾಯಿಲ್. ಈ ಇಂಜಿನ್ನಿನಲ್ಲಿ ನಾಲ್ಕು ಪ್ಲಗ್ಗಿಗೆ ನಾಲ್ಕು ಕಾಯಿಲ್. ಪ್ರತಿ ಕಾಯಿಲ್ ಪ್ಲಗ್ಗಿನ ನೆತ್ತಿಯ ಮೇಲೇ ಕೂತಿರುತ್ತದೆ, ಒಂದೊಂದು ಬೋಲ್ಟು. ಮೂರನೇದರ ಕಾಯಿಲನ್ನು ಒಂದನೇದಕ್ಕೆ ಹಾಕಿದರು, ಒಂದನೇದರದ್ದು ಮೂರನೇದಕ್ಕೆ. ಬೇರೇನೂ ಮುಟ್ಟಲಿಲ್ಲ. ಕೋಡ್ ಅಳಿಸಿ, "ನಡೀರಿ, ನೀವೇ ಓಡಿಸಿ. ನಾನು ಓಡಿಸಿದರೆ ನಿಮ್ಮ ಕಾಲಿನ ಮಿಸ್ಸಿಂಗ್ ಬರೋದಿಲ್ಲ" ಅಂದರು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಉಳಿದದ್ದನ್ನು ಹಾಗೇ ಬಿಡಿ ಅಂತ ಎಂಟನೇ ಕ್ಲಾಸಿಗೆ ನಾನೇ ಪಾಠ ಮಾಡುತ್ತೇನೆ. ಸ್ವಂತ ಗಾಡಿಯ ವಿಷಯದಲ್ಲಿ ಅದು ಯಾಕೆ ಹೊಳೆಯಲಿಲ್ಲವೋ.

ಮಡಿಕೇರಿ ಕಡೆಗೆ ಕೆದಕಲ್ ದಾಟಿ ಬೋಯಿಕೇರಿಯವರೆಗೆ ಏರಿದೆವು. ಧೋ ಅಂತ ಮಳೆ. ಇಕ್ಕ ತೊಡೆಯ ಮೇಲೆ ಸ್ಕ್ಯಾನರ್ ಇಟ್ಟುಕೊಂಡು, "ಈಗ ಒತ್ತಿ, ಇನ್ನೂ ಒತ್ತಿ" ಅನ್ನುತ್ತಿದ್ದರು. ಗಾಡಿ ಜಗ್ಗಿತು. ಪಿ0301 ಬಂತು. ಕಾಯಿಲ್ ಜೊತೆ ದೋಷವೂ ಒಂದನೇದಕ್ಕೆ ಹೋಗಿತ್ತು. ಸಿಕ್ಕಿಬಿತ್ತು ಅಂದುಕೊಂಡೆ. ಅಷ್ಟರಲ್ಲಿ ಪಿ0303 ಕೂಡ ಮತ್ತೆ ಬಂತು. ನನಗೆ ನಿರಾಸೆ. ಇಕ್ಕನ ಮುಖ ಮಾತ್ರ ಅರಳಿತು. "ಎರಡು ಕಳ್ಳರು ಉಂಟು."

ವಾಪಸ್ ಬಂದು ಮೂರನೇ ಪ್ಲಗ್ ಬಿಚ್ಚಿ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಿಡಿದು ತೋರಿಸಿದರು. ಬಿಳಿ ಪಿಂಗಾಣಿಯ ಮೇಲೆ ಮೇಲಿಂದ ಕೆಳಗೆ ಪೆನ್ಸಿಲಿನಲ್ಲಿ ಎಳೆದಂಥ ಸಣ್ಣ ಕಪ್ಪು ಗೆರೆ. ಮೊದಲು ಅದರ ಮೇಲಿದ್ದ ಕಾಯಿಲಿನ ರಬ್ಬರ್ ಬೂಟನ್ನು, ಅಂದರೆ ಪ್ಲಗ್ಗನ್ನು ಹೊದೆಯುವ ತೋಳನ್ನು, ತಿರುಗಿಸಿದರೆ ಅದರ ಒಳಗೂ ಅಂಥದೇ ಗೆರೆ. ಒಂದರ ಗೆರೆ ಇನ್ನೊಂದರ ಗೆರೆಗೆ ಸರಿಯಾಗಿ ಕೂರುತ್ತಿತ್ತು. ಕಿಡಿ ಪ್ಲಗ್ಗಿನ ತುದಿಗೆ ಹೋಗದೆ ಹೊರಗಿಂದಲೇ ಹಾದು ಇಂಜಿನ್ನಿನ ಲೋಹಕ್ಕೆ ಇಳಿಯುತ್ತಿದ್ದ ದಾರಿ ಅದು. ಏರಿನಲ್ಲಿ ಮಾತ್ರ ಯಾಕೆ? ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಸಿಲಿಂಡರಿನ ಒಳಗೆ ಒತ್ತಡ ಜಾಸ್ತಿ. ಅಲ್ಲಿ ಕಿಡಿ ಹಾರಬೇಕಾದರೆ ವೋಲ್ಟೇಜೂ ಜಾಸ್ತಿ ಬೇಕು. ಅಷ್ಟು ಕಷ್ಟಪಡುವ ಬದಲು ಕರೆಂಟು ಸುಲಭದ ಗೆರೆ ಹಿಡಿಯುತ್ತದೆ. ಮಳೆಯ ತೇವದ ಹವೆಯಲ್ಲಿ ಆ ದಾರಿ ಇನ್ನೂ ಸುಲಭ. ಪ್ಲಗ್ಗಿನ ಗ್ಯಾಪು 1.4 ಮಿ.ಮೀ. ಆಗಿತ್ತು, ಇರಬೇಕಾದ್ದು 1 ಮಿ.ಮೀ. ಆಸುಪಾಸು. ಅದೂ ಸೇರಿಕೊಂಡಿತ್ತು.

ಪ್ಲಗ್ ಮಾತ್ರ ಹೊಸದು ಹಾಕಿದರೆ ಹಳೇ ಬೂಟು ಹೊಸ ಪ್ಲಗ್ಗಿನ ಮೇಲೂ ಗೆರೆ ಎಳೆಯುತ್ತದೆ. ಕಾಯಿಲ್ ಮಾತ್ರ ಹಾಕಿದರೆ ಹಳೇ ಪ್ಲಗ್ಗು ಹೊಸ ಬೂಟನ್ನು ಕೆಡಿಸುತ್ತದೆ. ಕೆಟ್ಟ ಬೂಟು ಕಾಯಿಲ್ ಜೊತೆ ಒಂದನೇದಕ್ಕೆ ಹೋಗಿ, ಕೆಟ್ಟ ಪ್ಲಗ್ಗು ಮೂರನೇದರಲ್ಲೇ ಉಳಿದದ್ದಕ್ಕೇ ಎರಡು ಕಡೆಯೂ ಕೋಡ್ ಬಂದದ್ದು.

ಇಲ್ಲಿಗೂ ಬಿಡಲಿಲ್ಲ ಇಕ್ಕ. ಬೂಟು ಯಾಕೆ ಹಾಳಾಯಿತು ಅಂತ ನೋಡಿದರು. ಪ್ಲಗ್ ಕೂರುವ ಗುಂಡಿಯಲ್ಲಿ ಒಂದು ಚಮಚದಷ್ಟು ಇಂಜಿನ್ ಆಯಿಲ್ ನಿಂತಿತ್ತು. ಟ್ಯಾಪೆಟ್ ಕವರಿನ, ಅಂದರೆ ಇಂಜಿನ್ನಿನ ಮೇಲ್ಮುಚ್ಚಳದ, ಪ್ಯಾಕಿಂಗು ಗಟ್ಟಿಯಾಗಿ ಒಳಗಿಂದ ಆಯಿಲ್ ಒಸರುತ್ತಿತ್ತು, ರಬ್ಬರ್ ಅದರಲ್ಲಿ ನೆಂದು ಮೆತ್ತಗಾಗಿತ್ತು. ನಾಲ್ಕೂ ಪ್ಲಗ್ ಬಿಚ್ಚಿದ್ದಾಗಲೇ ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ನೋಡಿದರು. ನಾಲ್ಕರ ನಡುವೆ 5 ಪಿಎಸ್‌ಐಗಿಂತ ಜಾಸ್ತಿ ವ್ಯತ್ಯಾಸ ಇರಲಿಲ್ಲ. ಇಂಜಿನ್ ಕೆಲಸದ ಮಾತು ಅಲ್ಲಿಗೆ ಮುಗಿಯಿತು.

ಬಿಲ್ಲು ಒಂದು ನೋಟ್‌ಬುಕ್ ಹಾಳೆಯಲ್ಲಿ: ಕಾಯಿಲ್ ಒಂದು 1,850, ಪ್ಲಗ್ ನಾಲ್ಕು 560, ಪ್ಯಾಕಿಂಗ್ ಸೆಟ್ 480, ಕೂಲಿ 1,100. ಒಟ್ಟು 3,990. ನಾಲ್ಕೂ ಕಾಯಿಲ್ ಹಾಕಿಬಿಡಿ ಅಂತ ನಾನೇ ಹೇಳಿದ್ದೆ. ಉಳಿದ ಮೂರರ ಬೂಟು ಚೆನ್ನಾಗುಂಟು, ಸುಮ್ನೆ ಯಾಕೆ ದುಡ್ಡು ಅಂತ ಒಪ್ಪಲಿಲ್ಲ. ಬಿಚ್ಚಿದ ಸಾಮಾನೆಲ್ಲ ಒಂದು ಕವರಿನಲ್ಲಿ ಹಾಕಿ ಕೊಟ್ಟರು. ಆ ಪ್ಲಗ್ಗು ಈಗ ನಮ್ಮ ಶಾಲೆಯ ಲ್ಯಾಬಿನಲ್ಲಿದೆ.

ಇನ್ನು ದೂರುಗಳು. ಇಕ್ಕ ಫೋನ್ ಎತ್ತುವುದಿಲ್ಲ, ಹೋಗಿಯೇ ಕೇಳಬೇಕು. ಕಾಯಿಲ್ ಮೈಸೂರಿನಿಂದ ಬಸ್ಸಿನಲ್ಲಿ ಬರಬೇಕಿತ್ತು. ನಾಳೆ ಅಂದದ್ದು ಮೂರು ದಿನವಾಯಿತು. ಕೊಡಗಿನ ಮಳೆಗಾಲದ ಹಬ್ಬ ಕಕ್ಕಡ ಹದಿನೆಂಟರ (ಆಗಸ್ಟ್ 3) ಹಿಂದಿನ ದಿನ ಗಾಡಿ ಕೈಗೆ ಸಿಕ್ಕಿತು, ಅಲ್ಲಿಯವರೆಗೆ ಆಟೋ. ಕರೆಂಟು ಹೋದರೆ ಕೆಲಸ ನಿಂತಿತು. ಮಳೆ ಜೋರಾದರೆ ನೆಟ್‌ವರ್ಕ್ ಇಲ್ಲ, ಫೋನಿನಲ್ಲಿ ದುಡ್ಡು ಕಳಿಸಲು ಆಗುವುದಿಲ್ಲ. ನೋಟು ತೆಗೆದುಕೊಂಡು ಹೋಗಿ. ಜಿಎಸ್‌ಟಿ ಬಿಲ್ ಬೇಕು ಅನ್ನುವವರಿಗೆ ಈ ಜಾಗ ಅಲ್ಲ. ಹೆಂಗಸರು ಒಬ್ಬರೇ ಹೋದರೆ ಕೂರಲು ಜಾಗ ಇದೆಯಾ ಅಂತ ಕೇಳುತ್ತೀರಿ ಅಲ್ವಾ? ಒಂದು ಹಳೇ ವ್ಯಾನಿನ ಸೀಟಿದೆ, ಒರೆಸಿ ಕೊಡುತ್ತಾರೆ.

ಹಳೇ ಗಾಡಿ ಕೊಳ್ಳುವವರಿಗೆ ಇಕ್ಕ ಹೇಳಿದ ಒಂದು ಮಾತು ಇಲ್ಲಿ ಸೇರಿಸುತ್ತೇನೆ. ಸ್ಕ್ಯಾನರಿನಲ್ಲಿ ಕೋಡ್ ಇಲ್ಲ ಅಂತ ಕಂಡರೆ ಖುಷಿಪಡಬೇಡಿ. ಕೋಡ್ ಅಳಿಸಿದ ಮೇಲೆ ಎಷ್ಟು ಕಿ.ಮೀ. ಓಡಿದೆ ಅಂತಲೂ ಅದರಲ್ಲೇ ನೋಡಬಹುದು. ಅಲ್ಲಿ ಹತ್ತೋ ಇಪ್ಪತ್ತೋ ಕಂಡರೆ ನಿಮಗೆ ತೋರಿಸಲೆಂದೇ ಅಳಿಸಿದ್ದಾರೆ ಅಂತ ಅನುಮಾನ ಬರಬೇಕು. ಗಾಡಿ ತಣ್ಣಗಿರುವಾಗ ಹೋಗಿ, ನೀವೇ ಸ್ಟಾರ್ಟ್ ಮಾಡಿ, ಒಂದು ಏರು ಹುಡುಕಿ ಮೂರನೇ ಗೇರಿನಲ್ಲಿ ಹತ್ತಿಸಿ. ಮೈಸೂರಿನಲ್ಲಾದರೆ ಚಾಮುಂಡಿ ಬೆಟ್ಟ ಇದೆಯಲ್ಲ.

ರಿಪೇರಿಯಾಗಿ ಗಾಡಿ ಬಂದು ಎರಡು ತಿಂಗಳಾಯಿತು. ಮಕ್ಕಂದೂರಿನ ಏರಿನಲ್ಲಿ ಈಗ ಮೂರನೇ ಗೇರಿನಲ್ಲೇ ಹತ್ತುತ್ತದೆ. ಪಿಕಪ್ ಪೂರ್ತಿ ಬಂದಿರುವುದರಿಂದ ಕನ್ವರ್ಟರ್ ಕಟ್ಟಿಕೊಂಡಿಲ್ಲ ಅಂತ ಇಕ್ಕ ಹೇಳಿದ್ದಾರೆ. ಮೊದಲ ವಾರ ಬಾನೆಟ್ ಒಳಗಿಂದ ಗಡಗಡ ಸದ್ದು ಬರುತ್ತಿತ್ತು. ಎದೆ ಧಸಕ್ಕೆಂದು ಗ್ಯಾರೇಜಿಗೆ ಓಡಿದೆ. ಏರ್ ಫಿಲ್ಟರ್ ಡಬ್ಬಿಯ ಒಂದು ಬೋಲ್ಟ್ ಹಾಕಲು ಮರೆತಿದ್ದರು. ಇಕ್ಕ ಒಂದು ಮಾತೂ ಆಡದೆ ತಮ್ಮ ಶರ್ಟಿನ ಜೇಬಿನಿಂದಲೇ ಅದನ್ನು ತೆಗೆದು ಹಾಕಿದರು.