ಬೆಳಗಿನ ಹಠ, ಚಹಾ ಕುಡಿದ ಮೇಲಿನ ಹಠ: ಹಳೇ ಪಿಕಪ್‌ಗೆ ಮೆಕ್ಯಾನಿಕಲ್ ಪಂಪೋ, ಕಾಮನ್ ರೇಲೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮೆಕ್ಯಾನಿಕಲ್ ಪಂಪಿಗೆ. ಇದರಲ್ಲಿ ಪಂಪೇ ಡೀಸೆಲನ್ನು ಒಂದೊಂದು ಇಂಜೆಕ್ಟರಿಗೂ (ಸಿಲಿಂಡರಿಗೆ ಡೀಸೆಲ್ ಚಿಮ್ಮಿಸುವ ಭಾಗ) ನೇರ ತಳ್ಳುತ್ತದೆ. ಕಾಮನ್ ರೇಲಿನಲ್ಲಿ ಡೀಸೆಲ್ ಎಲ್ಲ ಇಂಜೆಕ್ಟರಿಗೂ ಸೇರಿದ ಒಂದೇ ಕೊಳವೆಯಲ್ಲಿ ಒತ್ತಡದಲ್ಲಿ ನಿಂತಿದ್ದು, ಕಂಪ್ಯೂಟರ್ ಹೇಳಿದಾಗ ಒಳಗೆ ಹೋಗುತ್ತದೆ. ಹಳೇ ಡೀಸೆಲ್ ಪಿಕಪ್ ತಗೊಂಡು, ಸರಿಮಾಡಿ, ಒಂದೆರಡು ವರ್ಷ ಅಡಿಕೆ, ಗೊಬ್ಬರ, ಮುರಕಲ್ಲು (ಜಂಬಿಟ್ಟಿಗೆ) ಹೇರಿ ಆಮೇಲೆ ಮಾರುವ ಲೆಕ್ಕಾಚಾರ ಇದ್ದವರಿಗೆ ಮಾತ್ರ ಈ ಮಾತು. ಹತ್ತು ವರ್ಷ ಇಟ್ಟುಕೊಳ್ಳುವವರ ಲೆಕ್ಕ ಬೇರೆ.

ಬೊಲೆರೊ ಪಿಕಪ್ಪನ್ನೇ ತೆಗೆದುಕೊಳ್ಳಿ. ಮೆಕ್ಯಾನಿಕಲ್ ಪಂಪಿನ ಹಳೇ ಡಿಐಗೂ ಆಮೇಲಿನ ಕಾಮನ್ ರೇಲಿಗೂ 2523 ಸಿಸಿಯೇ. ಬೋರ್ (ಸಿಲಿಂಡರಿನ ಅಗಲ) 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 101.6. ವ್ಯತ್ಯಾಸ ಇರುವುದು ಡೀಸೆಲ್ ಸಿಲಿಂಡರಿಗೆ ಹೋಗುವ ದಾರಿಯಲ್ಲಿ. 2017ರ ಏಪ್ರಿಲ್ 1ರಂದು ದೇಶವಿಡೀ ಬಿಎಸ್-4 ಎಂಬ ಹೊಗೆ ನಿಯಮ ಬಂತು. ಅದಕ್ಕಿಂತ ಹಿಂದಿನ ಗಾಡಿಗಳಲ್ಲಿ ಎರಡೂ ಬಗೆ ಸಿಗುತ್ತವೆ, ಆರ್‌ಸಿಯ ವರ್ಷ ನೋಡಿ ಹೇಳಲಾಗದು, ಬಾನೆಟ್ ಎತ್ತಬೇಕು. ಪಂಪಿನಿಂದ ನಾಲ್ಕು ಸಣ್ಣ ಉಕ್ಕಿನ ಪೈಪು ನೇರವಾಗಿ ನಾಲ್ಕು ಇಂಜೆಕ್ಟರಿಗೆ ಹೋಗಿದ್ದರೆ ಮೆಕ್ಯಾನಿಕಲ್. ನಡುವೆ ಒಂದು ದಪ್ಪ ಕೊಳವೆ ಅಡ್ಡ ಮಲಗಿದ್ದು, ಇಂಜೆಕ್ಟರ್ ತಲೆಗಳಿಗೆ ವಯರ್ ಸಾಕೆಟ್ ಇದ್ದರೆ ಕಾಮನ್ ರೇಲ್.

ಓಡಿಸಲು ಕಾಮನ್ ರೇಲೇ ಸುಖ. ಶಬ್ದ ಕಡಿಮೆ, ಹೊಗೆ ಕಡಿಮೆ, ನಮ್ಮ ಕಾಸರಗೋಡಿನ ಬಂದಡ್ಕದ ಕಡೆಯ ಏರಿನಲ್ಲಿ ಗೇರ್ ಇಳಿಸುವ ಕೆಲಸವೂ ಕಡಿಮೆ. ಅದರಲ್ಲಿ ತಕರಾರಿಲ್ಲ.

ತಕರಾರು ಶುರುವಾಗುವುದು ಮಾರುವ ದಿನ. ಕೊಳ್ಳುವವರು ಬದಿಯಡ್ಕದಿಂದ ಪೆರ್ಲದವರೆಗೆ ಟ್ರಯಲ್ ನೋಡುತ್ತಾರೆ, ಗಾಡಿ ಚಂದ ಎಳೆಯುತ್ತದೆ. ಹೋಟೆಲಿನೆದುರು ನಿಲ್ಲಿಸಿ ಚಹಾ ಕುಡಿದು ಬಂದು ಕೀ ತಿರುಗಿಸಿದರೆ ಸ್ಟಾರ್ಟರ್ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಹತ್ತು ಸೆಕೆಂಡ್, ಹದಿನೈದು ಸೆಕೆಂಡ್. "ಬ್ಯಾಟರಿ ಇರಬೇಕು ಮಾರಾಯ್ರೆ" ಅಂದರೆ ನಂಬುವವರು ಯಾರು? ವ್ಯಾಪಾರ ಅಲ್ಲಿಗೇ ಮುಗಿಯಿತು. ಅರ್ಧ ಗಂಟೆ ತಣಿದ ಮೇಲೆ ಅದೇ ಗಾಡಿ ಒಂದೇ ಸೆಲ್ಫಿಗೆ ಹಿಡಿಯುತ್ತದೆ!

ರೇಲ್‌ನೊಳಗೆ ಒತ್ತಡ ಒಂದು ಮಟ್ಟಕ್ಕೆ, ಸುಮಾರಾಗಿ 200 ಬಾರ್ ಆಚೀಚೆಗೆ, ಏರದಿದ್ದರೆ ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಂಜೆಕ್ಟರ್ ತೆರೆಯಲು ಬಿಡುವುದಿಲ್ಲ. ಇಂಜೆಕ್ಟರ್ ಒಳಗೆ ಸವೆದಿದ್ದರೆ ಪಂಪು ತಳ್ಳಿದ ಡೀಸೆಲ್ ರಿಟರ್ನ್ ಪೈಪಿಗೆ ಜಾರಿಹೋಗುತ್ತದೆ. ಬಿಸಿಯಾದ ಡೀಸೆಲ್ ತೆಳ್ಳಗಾಗುವುದರಿಂದ ಈ ಜಾರುವಿಕೆ ಇನ್ನೂ ಹೆಚ್ಚು. ಅದಕ್ಕೇ ಬೆಳಿಗ್ಗೆ ಸಾಧುವಾಗಿದ್ದ ಗಾಡಿ ಮಧ್ಯಾಹ್ನ ಹಠ ಹಿಡಿಯುವುದು.

ಯಾವ ಇಂಜೆಕ್ಟರ್ ಎಂದು ಪತ್ತೆ ಹಚ್ಚಲು ದೊಡ್ಡ ಯಂತ್ರವೇನೂ ಬೇಡ. ನಾಲ್ಕೂ ರಿಟರ್ನ್ ಕ್ಲಿಪ್ ತೆಗೆದು, ಒಂದೇ ಅಳತೆಯ ಪ್ಲಾಸ್ಟಿಕ್ ಟ್ಯೂಬ್ ಸಿಕ್ಕಿಸಿ, ಒಂದೇ ಗಾತ್ರದ ನಾಲ್ಕು ಬಾಟ್ಲಿಗೆ ಇಳಿಸಿ. ಕ್ಲಿಪ್ ತೆಗೆದಾಗ ಖಾಲಿಬಿದ್ದ ರಿಟರ್ನ್ ಪೈಪಿನ ಬಾಯಿ ಮುಚ್ಚಿ. ಎಂಜಿನ್ ಚೆನ್ನಾಗಿ ಬಿಸಿ ಮಾಡಿ ಎರಡು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ. ಮೂರು ಬಾಟ್ಲಿಯಲ್ಲಿ ಒಂದು ಬೆರಳಷ್ಟು, ನಾಲ್ಕನೆಯದರಲ್ಲಿ ಮೂರು ಬೆರಳಷ್ಟು ಬಂದರೆ ಕಳ್ಳ ಸಿಕ್ಕಿದ ಹಾಗೆ. ನಾಲ್ಕರಲ್ಲೂ ಸಮನಾಗಿ, ಸ್ವಲ್ಪವೇ ಬಂದು ಹಠ ಹಾಗೇ ಇದ್ದರೆ, ಎಂಜಿನ್ ತಿರುಗುವುದನ್ನು ಇಸಿಯುಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ನೋಡಿ. ಬಿಸಿಯಾದಾಗ ಸಾಯುವ ಚಾಳಿ ಅದಕ್ಕೂ ಇದೆ, ಲಕ್ಷಣ ಒಂದೇ. ಸೆಲ್ಫ್ ಹೊಡೆಯುವಾಗ ಸ್ಕ್ಯಾನರಿನಲ್ಲಿ ಆರ್‌ಪಿಎಂ ಸೊನ್ನೆ ತೋರಿಸಿದರೆ ಸೆನ್ಸರ್. ಆರ್‌ಪಿಎಂ ಬಂದು ರೇಲ್ ಒತ್ತಡ ಏರದಿದ್ದರೆ ಪಂಪಿಗೆ ಡೀಸೆಲ್ ಅಳೆದು ಬಿಡುವ ಮೀಟರಿಂಗ್ ವಾಲ್ವ್ ಅಥವಾ ಹೆಚ್ಚಿನ ಒತ್ತಡ ಹೊರಬಿಡುವ, ರೇಲಿನ ತುದಿಯ ರಿಲೀಫ್ ವಾಲ್ವ್. ಇಷ್ಟು ನೋಡದೆ ನಾಲ್ಕೂ ಇಂಜೆಕ್ಟರ್ ಬದಲಿಸಿ ದುಡ್ಡು ನೀರು ಮಾಡಿದವರು ಸಾಕಷ್ಟಿದ್ದಾರೆ.

ಎಂಜಿನ್ ಓಡುತ್ತಿರುವಾಗ ಹೈ ಪ್ರೆಶರ್ ಪೈಪಿನ ನಟ್ಟು ಸಡಿಲಿಸಲೇಬಾರದು. ಹಳೇ ಪಂಪಿನ ಗಾಡಿಯಲ್ಲಿ ಯಾವ ಸಿಲಿಂಡರ್ ಸತ್ತಿದೆ ಎಂದು ನೋಡಲು ಮೇಸ್ತ್ರಿಗಳು ಹಾಗೆ ಮಾಡುತ್ತಾರೆ, ಕೈ ಅದೇ ಅಭ್ಯಾಸಕ್ಕೆ ಹೋಗುತ್ತದೆ. ಕಾಮನ್ ರೇಲಿನಲ್ಲಿ ಸಾವಿರ ಬಾರ್ ದಾಟುವ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ, ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ. ಹಾಗಾದರೆ ತಡಮಾಡದೆ ಆಸ್ಪತ್ರೆಗೆ.

ಇಂಜೆಕ್ಟರ್ ಕಳಚುವುದು ಇನ್ನೊಂದು ರಗಳೆ. ಕೆಳಗಿನ ತಾಮ್ರದ ವಾಷರ್ ಸೋರಿದ್ದರೆ ಸುತ್ತಲೂ ಡಾಂಬರಿನಂಥ ಕರಿ ಕಟ್ಟಿ ಇಂಜೆಕ್ಟರ್ ಕಚ್ಚಿಕೊಂಡಿರುತ್ತದೆ, ಐಡ್ಲಿಂಗ್‌ನಲ್ಲಿ ಚಕ್ ಚಕ್ ಎಂಬ ಸದ್ದೂ ಇರುತ್ತದೆ. ರಾತ್ರಿ ರಸ್ಟ್ ಆಯಿಲ್ ಸುರಿದಿಟ್ಟು, ಬೆಳಿಗ್ಗೆ ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ಮೇಲೆತ್ತಬೇಕು. ಪಕ್ಕಕ್ಕೆ ಸಬ್ಬಲ್ ಹಾಕಿ ಮೀಟಿದರೆ ಇಂಜೆಕ್ಟರೂ ಹೋಯಿತು, ಹೆಡ್ಡೂ ಹೋಗಬಹುದು. ಕೂರುವ ಜಾಗದ ಕರಿ ಪೂರ್ತಿ ಕೆರೆದು, ವಾಷರ್ ಹೊಸದೇ ಹಾಕಿ. ಬೇರೆ ಇಂಜೆಕ್ಟರ್ ಹಾಕಿದರೆ ಅದರ ತಲೆಯ ಮೇಲಿನ ಕೋಡನ್ನು ಸ್ಕ್ಯಾನರಿನಿಂದ ಇಸಿಯುಗೆ ತುಂಬಿಸಬೇಕು. ಅದನ್ನು ಬಿಟ್ಟರೆ ಐಡ್ಲಿಂಗ್ ಕುಣಿಯುತ್ತದೆ.

ಈಗ ನನ್ನ ಪಕ್ಷದ ಮೆಕ್ಯಾನಿಕಲ್ ಪಂಪಿನ ಗಾಡಿ. ಇದರ ಹಠ ಬೆಳಿಗ್ಗೆ. ರಾತ್ರಿ ಎಲ್ಲೋ ಗಾಳಿ ಒಳಹೊಕ್ಕು ಪೈಪಿನ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ. ಪತ್ತೆ ಹಚ್ಚುವುದು ಹೀಗೆ: ಐದು ಲೀಟರಿನ ಕ್ಯಾನನ್ನು ಪಂಪಿಗಿಂತ ಕೆಳಗೆ ಇಟ್ಟು, ಅಲ್ಲಿಂದಲೇ ಫಿಲ್ಟರಿಗೆ ಡೀಸೆಲ್ ಕೊಟ್ಟು ರಾತ್ರಿ ಬಿಡಿ. ಬೆಳಿಗ್ಗೆ ಸಲೀಸಾಗಿ ಹಿಡಿದರೆ ದೋಷ ಟ್ಯಾಂಕಿನಿಂದ ಫಿಲ್ಟರಿನವರೆಗೆ: ಬಿರಿದ ರಬ್ಬರ್ ಹೋಸ್, ತುಕ್ಕು ಹಿಡಿದ ಪೈಪು. ಹಿಡಿಯದಿದ್ದರೆ ಫಿಲ್ಟರಿನ ಓ-ರಿಂಗ್, ಕೈಪಂಪಿನ ವಾಲ್ವ್, ಪೈಪು ಜೋಡಿಸುವ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್. ಫಿಲ್ಟರಿಗೂ ಪಂಪಿಗೂ ನಡುವೆ ಒಂದು ಗೇಣು ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಸರಿಯಾದ ಮೇಲೆ ಗಾಳಿ ಹೊರಬಿಡುವ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ, ಬಿಗಿಮಾಡಿ. ಆಮೇಲೆ ಎರಡು ಇಂಜೆಕ್ಟರಿನ ನಟ್ಟು ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆದು, ಡೀಸೆಲ್ ಚಿಮ್ಮಿದ ಕೂಡಲೇ ಬಿಗಿಮಾಡಿ. ಎಲ್ಲ ಸೇರಿ ಖರ್ಚು ಒಂದು ಊಟದ ದುಡ್ಡು. ನಾಝಲ್ (ಇಂಜೆಕ್ಟರಿನ ತುದಿ) ಹೋದರೂ, ಕಾಮನ್ ರೇಲಿನ ಒಂದು ಹೊಸ ಇಂಜೆಕ್ಟರಿನ ಬೆಲೆಗೆ ಇದರ ನಾಲ್ಕೂ ನಾಝಲ್ ಹಾಕಿಸಿ, ಪ್ರೆಶರ್ ಸೆಟ್ ಮಾಡಿಸಿ, ಕೈಯಲ್ಲಿ ಚಿಲ್ಲರೆ ಉಳಿಯುತ್ತದೆ.

ಕೊಳ್ಳುವಾಗ ಪಂಪಿನ ಸೀಲ್ ನೋಡಿ. ಡೀಸೆಲಿನ ಗರಿಷ್ಠ ಪ್ರಮಾಣ ನಿಗದಿ ಮಾಡುವ ಫುಲ್ ಲೋಡ್ ಸ್ಕ್ರೂವನ್ನು ಹಿಂದಿನವರು ಒಳಕ್ಕೆ ತಿರುಗಿಸಿ 'ಪಿಕಪ್' ಹೆಚ್ಚಿಸಿದ್ದರೆ ಸೀಲ್ ಒಡೆದಿರುತ್ತದೆ, ಕರಿಹೊಗೆ ಬರುತ್ತದೆ. ಹೊಗೆ ಸರ್ಟಿಫಿಕೇಟಿಗೆ ಬಿಎಸ್-4ರ ಹಿಂದಿನ ಡೀಸೆಲ್ ಗಾಡಿಯ ಮಿತಿ (ಹೊಗೆಯ ದಟ್ಟಣೆಯ ಅಳತೆಯಲ್ಲಿ) 2.45, ಬಿಎಸ್-4ಕ್ಕೆ 1.62. ಮೊದಲು ಏರ್ ಫಿಲ್ಟರ್ ಬದಲಿಸಿ ನೋಡಿ, ಆಮೇಲೆ ಸ್ಕ್ರೂ. ತಣ್ಣಗಿರುವಾಗ ಡೀಸೆಲ್ ವಾಸನೆಯ ಬಿಳಿಹೊಗೆ ಬಂದರೆ ನಾಝಲ್, ಟೈಮಿಂಗ್ ಅಥವಾ ಕಂಪ್ರೆಶನ್. ನೀಲಿಹೊಗೆ ಬಂದು, ಆಯಿಲ್ ಮುಚ್ಚಳ ತಲೆಕೆಳಗು ಮಾಡಿ ಇಟ್ಟರೆ ಕುಣಿದು ಬೀಳುತ್ತಿದ್ದರೆ ಪಿಸ್ಟನ್ ರಿಂಗ್ ಮುಗಿದಿದೆ. ಆ ಗಾಡಿ ಯಾವ ಪಂಪಿನದ್ದಾದರೂ ಬೇಡ.

ತುಕ್ಕಿನ ವಿಷಯದಲ್ಲಿ ಎರಡೂ ಒಂದೇ. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯಲ್ಲಿ ಮೀನು ಹೇರಿದ ಗಾಡಿಯಾದರೆ ಐಸಿನ ಉಪ್ಪುನೀರು ಚಾಸಿಯ ಒಳಗೆ ಇಳಿದಿರುತ್ತದೆ. ಹಿಂದಿನ ಸ್ಪ್ರಿಂಗ್ ಪ್ಲೇಟಿನ ಹ್ಯಾಂಗರ್ ಹತ್ತಿರ ಸುತ್ತಿಗೆಯಲ್ಲಿ ತಟ್ಟಿ. ಠಣ್ ಎಂದರೆ ಸರಿ, ಡಬ್ ಎಂದರೆ ಮುಂದಿನ ಗಾಡಿ ನೋಡಿ. ಹೊಸದಾಗಿ ಕಪ್ಪು ಕೋಟಿಂಗ್ ಬಳಿದಿದ್ದರಂತೂ ಎರಡು ಸಲ ತಟ್ಟಿ. ವೆಲ್ಡಿಂಗ್ ಮಾಡಿಸುವುದಿದ್ದರೆ ಬ್ಯಾಟರಿ ಕಳಚಿ, ಕಾಮನ್ ರೇಲಿನಲ್ಲಿ ಇಸಿಯು ಸಾಕೆಟ್ಟನ್ನೂ ಕಳಚಿ.

ಟಾಟಾ 207 ಡಿಐ ಬಗ್ಗೆ ಒಂದು ಮಾತು. 497 ಎಂಜಿನ್, ಅಂದರೆ 4 ಸಿಲಿಂಡರ್, 97 ಮಿ.ಮೀ. ಬೋರ್, 2956 ಸಿಸಿ. ಮುರಕಲ್ಲಿಗೆ ಹೇಳಿ ಮಾಡಿಸಿದ ಎಂಜಿನ್. ಆದರೆ ನಮ್ಮಲ್ಲಿ ಕೇಳಿ ಬರುವವರು ಕಡಿಮೆ, ಮಾರಲು ತಿಂಗಳುಗಟ್ಟಲೆ ಕಾಯಬೇಕು.

ಗಿರಾಕಿ ಪುತ್ತೂರು, ಸುಳ್ಯದ ಕಡೆಯವರಾದರೆ ಕಾಗದದ ಕೆಲಸ ಮೊದಲೇ ಶುರುಮಾಡಿ. ಕೆಎಲ್-14 (ಕೇರಳದ ಕಾಸರಗೋಡು ನಂಬರಿನ) ಗಾಡಿ ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಉಳಿಯುವುದಾದರೆ ಹೊಸ ನಂಬರ್ ಆಗಬೇಕು, ಅದಕ್ಕೆ ಇಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ಅದನ್ನು ತೆಗೆಸುವ ಫಾರ್ಮ್ 35. ಕ್ಯಾಮೆರಾ ದಂಡ, ತೆರಿಗೆ, ಮೋಟಾರು ಕಾರ್ಮಿಕರ ಕ್ಷೇಮನಿಧಿ ಬಾಕಿ ಇದ್ದರೆ ಎನ್‌ಒಸಿ ಮುಂದೆ ಹೋಗುವುದಿಲ್ಲ. ಊರಲ್ಲೇ ಮಾರಿದರೆ ಹೆಸರು ಬದಲಾವಣೆಯ ಫಾರ್ಮ್ 29, 30 ಸಾಕು. ಎಂಟು ವರ್ಷ ದಾಟಿದ ಗಾಡಿಗೆ ಫಿಟ್‌ನೆಸ್ ವರ್ಷಕ್ಕೊಮ್ಮೆ. ಹೊಸದಾಗಿ ಫಿಟ್‌ನೆಸ್ ಮಾಡಿಸಿ ಮಾರಿದರೆ ಅದರ ಖರ್ಚು ಬೆಲೆಯಲ್ಲೇ ವಾಪಸ್ ಬರುತ್ತದೆ.

ರಿಪೇರಿಗೆಂದು ಇಟ್ಟ ದುಡ್ಡು 20,000 ದಾಟುವ ಹಾಗಿಲ್ಲ, ಸ್ಪ್ಯಾನರ್ ಸ್ವಂತದ್ದಿದೆ, ಹತ್ತಿರದಲ್ಲಿ ಸ್ಕ್ಯಾನರ್ ಇರುವ ಗ್ಯಾರೇಜಿಲ್ಲ ಎಂದಾದರೆ ಮೆಕ್ಯಾನಿಕಲ್ ಪಂಪಿನ ಗಾಡಿ. ದಿನಾ ಮಂಗಳೂರಿಗೆ ಹೆದ್ದಾರಿಯಲ್ಲಿ ಓಡುವವರು ಕಾಮನ್ ರೇಲ್ ತಗೊಳ್ಳಲಿ, ಆದರೆ ಬಾಟ್ಲಿ ಪರೀಕ್ಷೆ ಮಾಡಿದ ಮೇಲೆಯೇ ಅಡ್ವಾನ್ಸ್ ಕೊಡಲಿ.

ಕೊಳ್ಳುವ ಕಾಲ ಆಟಿ ತಿಂಗಳು (ಜುಲೈ-ಆಗಸ್ಟ್), ಮಳೆಗೆ ಬಾಡಿಗೆ ನಿಂತು ಗಾಡಿ ಅಂಗಳದಲ್ಲಿ ಸುಮ್ಮನೆ ನಿಂತಿರುತ್ತದೆ. ಮಾರುವ ಕಾಲ ದೀಪಾವಳಿ ಕಳೆದ ಮೇಲೆ. ನೋಡಲು ಬರುವ ದಿನ ಮುಂಚಿತವಾಗಿ ಸ್ಟಾರ್ಟ್ ಮಾಡಿ ಬಿಸಿ ಮಾಡಿಡಬೇಡಿ. ಪಳಗಿದ ಗಿರಾಕಿ ಕೀ ಕೇಳುವ ಮೊದಲು ಬಾನೆಟ್ ಮೇಲೆ ಅಂಗೈ ಇಟ್ಟು ನೋಡುತ್ತಾನೆ.