ಡೇಟಾಬೇಸ್ ಕೆಟ್ಟಿರಲಿಲ್ಲ, ಸಿಸ್ಟಮ್‌ಡಿ ಕಾಯಲಿಲ್ಲ

ಪೋಸ್ಟ್‌ಗ್ರೆಸ್ ಡೇಟಾಬೇಸನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ, ಸಿಸ್ಟಮ್‌ಡಿಗೆ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸುವ ಪ್ರೋಗ್ರಾಮ್) ಸೂಚನೆ ಕೊಡುವ ಯೂನಿಟ್ ಫೈಲನ್ನು ಯಾರೋ ಕೈಯಾರೆ ಬರೆದುಕೊಟ್ಟ ಸರ್ವರ್ ನಿಮ್ಮ ಹತ್ತಿರ ಇದ್ದರೆ ಇದನ್ನು ಓದಿ.

ಮುಂಬೈಯ ಮಾಟುಂಗಾ, ಸಯಾನ್ ಕಡೆ ಶಾಖೆಗಳಿರುವ ನಮ್ಮವರೊಬ್ಬರ ಉಡುಪಿ ಹೋಟೆಲಿನ ಬಿಲ್ಲಿಂಗ್ ಸರ್ವರ್ ನೋಡಿಕೊಳ್ಳುವುದು ನಾನು. ಸೆಟಪ್ ಮಾಡಿದ್ದು ಬೇರೊಬ್ಬ ವೆಂಡರ್. ಜುಲೈ ಮಳೆಯ ಒಂದು ರಾತ್ರಿ ಕರೆಂಟ್ ಹೋಯಿತು, ಯುಪಿಎಸ್ಸೂ ಕೈಕೊಟ್ಟಿತು. ಕರೆಂಟ್ ಬಂದ ಮೇಲೆ ಪೋಸ್ಟ್‌ಗ್ರೆಸ್ ಕೊನೆಯ ಚೆಕ್‌ಪಾಯಿಂಟ್‌ನಿಂದ (ಅಲ್ಲಿಯವರೆಗಿನ ಬದಲಾವಣೆಗಳೆಲ್ಲ ಡೇಟಾ ಫೈಲುಗಳಿಗೆ ಸೇರಿದ್ದ ಗುರುತು) ವಾಲ್ ಲಾಗ್, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಲಾಗ್, ಓದಿ ಡೇಟಾ ಸರಿಪಡಿಸಲು ಕೂತಿತು. ಚೆಕ್‌ಪಾಯಿಂಟ್‌ಗಳ ನಡುವೆ ಎಷ್ಟು ಲಾಗ್ ಸೇರಬಹುದೆಂದು ಹೇಳುವ ಮ್ಯಾಕ್ಸ್ ವಾಲ್ ಸೈಜ್ ಸಿಕ್ಕಾಪಟ್ಟೆ ಏರಿಸಿಟ್ಟಿದ್ದರು, ಡಿಸ್ಕೋ ಹಳೇದು. ನಿಮಿಷಗಟ್ಟಲೆ ಹಿಡಿಯುವ ಕೆಲಸ. ಯೂನಿಟ್ ಫೈಲಿನಲ್ಲಿ ಟೈಮ್‌ಔಟ್ ಬರೆಯದಿದ್ದರೆ ಸಿಸ್ಟಮ್‌ಡಿ ಕಾಯುವುದು 90 ಸೆಕೆಂಡ್. ಅಷ್ಟರಲ್ಲಿ 'ರೆಡಿ' ಎಂಬ ಸಂದೇಶ ಬರದಿದ್ದರೆ ಪ್ರಾಸೆಸ್ಸನ್ನು ಮುಗಿಸಿಬಿಡುತ್ತದೆ. ರೀಸ್ಟಾರ್ಟ್ ಆನ್-ಫೇಲ್ಯೂರ್ ಇತ್ತು, ಹಾಗಾಗಿ ಮತ್ತೆ ಸ್ಟಾರ್ಟ್, ಮತ್ತೆ ಅದೇ ಚೆಕ್‌ಪಾಯಿಂಟ್, ಮತ್ತೆ ಸಾವು. 10 ಸೆಕೆಂಡಿಗೆ 5 ಸಲಕ್ಕಿಂತ ಹೆಚ್ಚು ಸ್ಟಾರ್ಟ್ ಮಾಡದಂತೆ ತಡೆಯುವ ಡೀಫಾಲ್ಟ್ ಮಿತಿ ಇದೆಯಲ್ಲ, ಒಂದೂವರೆ ನಿಮಿಷಕ್ಕೊಮ್ಮೆ ಬೀಳುವ ಸರ್ವರಿಗೆ ಅದು ತಾಗುವುದೇ ಇಲ್ಲ. ಬೆಳಗಿನ ಇಡ್ಲಿ ಹೊತ್ತಿನವರೆಗೂ ಇದೇ ನಡೆದಿತ್ತು.

ನಾನಾಗ ಊರಿನ ರೈಲಿನಲ್ಲಿ, ಕೊಂಕಣದ ಸುರಂಗಗಳ ನಡುವೆ. ನೆಟ್‌ವರ್ಕ್ ಎಲ್ಲಿ ಬರಬೇಕು! ಸಾಹುಕಾರರು ವೆಂಡರ್‌ನ ಹುಡುಗನನ್ನು ಕರೆಸಿದರು. ಡೇಟಾಬೇಸ್ ಕರಪ್ಟ್ ಎಂದವನೇ ಪೀಜಿ ರೀಸೆಟ್‌ವಾಲ್ ಅನ್ನು ಫೋರ್ಸ್ ಹಾಕಿ ಓಡಿಸಿದ. ಸರ್ವರ್ ತಕ್ಷಣ ಎದ್ದಿತು. ಎಲ್ಲರಿಗೂ ಖುಷಿ, ಅವನಿಗೆ ಚಹಾ ಬೇರೆ. ಇದ್ದ ಡೇಟಾಬೇಸನ್ನು ನಿಜವಾಗಿ ಕೆಡಿಸಿದ್ದು ಆ ಕಮಾಂಡೇ: ಇನ್ನೂ ಅನ್ವಯಿಸದ ಲಾಗನ್ನು ಅದು ಎಸೆದುಬಿಡುತ್ತದೆ. ಆಮೇಲೆ ಬಿಲ್‌ಗಳು ಕಾಣೆ, ಇಂಡೆಕ್ಸ್ ಒಂದು ಹೇಳಿದರೆ ಟೇಬಲ್ ಇನ್ನೊಂದು. ಕೊನೆಗೆ ಹಿಂದಿನ ರಾತ್ರಿಯ ಡಂಪ್ (ಬ್ಯಾಕಪ್ ಪ್ರತಿ) ರೀಸ್ಟೋರ್ ಮಾಡಿ, ಅಡುಗೆಮನೆಯ ಆರ್ಡರ್ ಚೀಟಿ ನೋಡಿಕೊಂಡು ಬಿಲ್ ಟೈಪ್ ಮಾಡಿದರು.

ಸಿಟ್ಟು ಬಂದದ್ದು ಜರ್ನಲ್, ಅಂದರೆ ಸಿಸ್ಟಮ್‌ಡಿಯ ಲಾಗ್, ತೆರೆದಾಗ. 'ಸ್ಟಾರ್ಟ್ ಆಪರೇಷನ್ ಟೈಮ್ಡ್ ಔಟ್' ಎಂಬ ಸಾಲು ರಾತ್ರಿಯಿಡೀ ಸಾಲಾಗಿ ನಿಂತಿದೆ. ಒಬ್ಬನೂ ಓದಿಲ್ಲ.

ಸಿಸ್ಟಮ್‌ಸಿಟಿಎಲ್ ಶೋ ಕೊಟ್ಟು ಟೈಮ್‌ಔಟ್‌ಸ್ಟಾರ್ಟ್ ಎಷ್ಟಿದೆ ನೋಡಿ. 1 ನಿಮಿಷ 30 ಸೆಕೆಂಡ್ ಎಂದಿದ್ದರೆ ಸಿಸ್ಟಮ್‌ಸಿಟಿಎಲ್ ಎಡಿಟ್‌ನಲ್ಲಿ ಸರ್ವಿಸ್ ವಿಭಾಗದ ಕೆಳಗೆ ಟೈಮ್‌ಔಟ್‌ಸೆಕ್ ಅನ್ನು ಇನ್ಫಿನಿಟಿ ಮಾಡಿ. ಪೋಸ್ಟ್‌ಗ್ರೆಸ್‌ನ ಅಧಿಕೃತ ದಾಖಲೆಯ ಮಾದರಿ ಯೂನಿಟ್‌ನಲ್ಲೂ ಹಾಗೇ ಇದೆ. ಅದು ನಿಲ್ಲಿಸುವಾಗಿನ ಗಡುವಿಗೂ ಅನ್ವಯಿಸುತ್ತದೆ, ಹಾಗಾಗಿ ಶಟ್‌ಡೌನ್ ತಡವಾಯಿತೆಂದು ಸಿಗ್‌ಕಿಲ್ (ಬಲವಂತವಾಗಿ ಮುಗಿಸುವ ಸಿಗ್ನಲ್) ಬೀಳುವುದಿಲ್ಲ. ಸ್ಟೇಟಸ್‌ನಲ್ಲಿ 'ಆಕ್ಟಿವೇಟಿಂಗ್' ಕಂಡರೆ ಕೈ ಕಟ್ಟಿಕೊಂಡು ಕೂತಿರಿ. ಮಾರಿಯಾಡಿಬಿ ಡೇಟಾಬೇಸ್ ಬಳಸುವವರೂ ಒಮ್ಮೆ ನೋಡಿಕೊಳ್ಳಿ, ಅದರ ಸ್ಟೋರೇಜ್ ಎಂಜಿನ್ ಇನ್ನೋಡಿಬಿಯ ರಿಕವರಿಗೂ ಇದೇ ಗತಿ ಬರಬಹುದು.